ನೆಲ ಮುಟ್ಟದ ಕ್ಯಾಮೆರಾ ಚೀಲ

ಕಾಡುಗೋಡಿಯ ನಮ್ಮ ವಠಾರದಲ್ಲಿ ಏಳು ಮನೆಗಳಿವೆ. ಏಳೂ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ನೋವು. ಕಟ್ಟಡದ ಕೆಲಸಕ್ಕೆ ಹೋಗುವವರಿಗೆ ಸೊಂಟ, ಗಾರ್ಮೆಂಟ್ಸಿಗೆ ಹೋಗುವವರಿಗೆ ಕತ್ತು, ಊಟದ ಪೊಟ್ಟಣ ಹೊತ್ತು ಬೈಕಿನಲ್ಲಿ ತಿರುಗುವವರಿಗೆ ಬೆನ್ನು. ಬೆಳಗ್ಗೆ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡು ನಿಂತರೆ ನೀರಿಗಿಂತ ಮೊದಲು ಮುಲಾಮಿನ ವಾಸನೆ ಬರುತ್ತದೆ. ಕೇಳಿದರೆ ಎಲ್ಲರದೂ ಒಂದೇ ಉತ್ತರ: ದುಡಿಯುವ ಮೈ, ನೋವು ಇದ್ದದ್ದೇ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ವೆಂಕಟಲಕ್ಷ್ಮಿ. ಈ ವಠಾರ ನಮ್ಮದು. ಸರ್ಕಾರಿ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದು ನಿವೃತ್ತಳಾದವಳು. ಭಾರ ಎತ್ತುವುದು ಹೇಗೆ ಎಂದು ಅಲ್ಲಿ ಗೋಡೆಯ ಮೇಲೆ ದೊಡ್ಡದಾಗಿ ಚಿತ್ರ ಬರೆಸಿದ್ದರು. ಅಲ್ಲೇ ಕೆಲಸದಲ್ಲಿದ್ದ ನನ್ನ ಯಜಮಾನರು ಕೃಷ್ಣಸ್ವಾಮಿ ಅದೇ ಚಿತ್ರದ ಕೆಳಗೆ ನಿಂತು, ಸೊಂಟ ಬಗ್ಗಿಸಿ ಒಂದು ಮೋಟಾರು ಎತ್ತಿ, ಮೂರು ತಿಂಗಳು ಹಾಸಿಗೆ ಹಿಡಿದರು. ಆ ಮೂರು ತಿಂಗಳು ಅವರಿಗೆ ಸಾಕ್ಸ್ ಹಾಕಿದವಳು ನಾನು. ಹಾಗಾಗಿ ಈ ವಿಷಯದಲ್ಲಿ ನನ್ನ ಬಾಯಿ ಸ್ವಲ್ಪ ಜೋರು. ಈಗ ಹೇಳುವುದು ನಮ್ಮ ಮೂರನೇ ಮನೆಯ ಸಿದ್ರಾಮನ ವಿಷಯ. ಅವನನ್ನು ಕೇಳಿಯೇ ಹೇಳುತ್ತಿದ್ದೇನೆ.

ಸಿದ್ರಾಮ ವಿಜಯಪುರದ ಕಡೆಯವನು. ಹತ್ತು ವರ್ಷದ ಹಿಂದೆ ಇಲ್ಲಿಗೆ ಬಂದಾಗ ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಿಗೆ ಸಿಮೆಂಟ್ ಚೀಲ ಹೊರುತ್ತಿದ್ದ. ಜೊತೆಯವನೊಬ್ಬನ ಮದುವೆಯಲ್ಲಿ ಯಾರದೋ ಕ್ಯಾಮೆರಾ ಹಿಡಿದದ್ದೇ ನೆಪ, ಅದರ ಹುಚ್ಚು ಹತ್ತಿತು. ಸ್ಟುಡಿಯೋ ಒಂದರಲ್ಲಿ ನಾಲ್ಕು ವರ್ಷ ಕಲಿತು ಈಗ ಸ್ವಂತವಾಗಿ ಕೆಲಸ ಮಾಡುತ್ತಾನೆ. ಮದುವೆಗೆ ಮುಂಚೆ ಹುಡುಗ ಹುಡುಗಿ ಇಬ್ಬರನ್ನೂ ಕೆರೆ ದಂಡೆಗೆ, ಆನೇಕಲ್ ಕಡೆಯ ರಾಗಿ ಹೊಲಕ್ಕೆ, ಬಂಡೆಗಳ ಮೇಲಕ್ಕೆ ಕರೆದುಕೊಂಡು ಹೋಗಿ ಫೋಟೋ ತೆಗೆಯುವುದು ಅವನ ಕಸುಬು. ಚೆನ್ನಾಗಿಯೇ ತೆಗೆಯುತ್ತಾನೆ. ನನ್ನ ಯಜಮಾನರನ್ನು ಕೂಡ ಒಂದು ಫೋಟೋದಲ್ಲಿ ನಗುವ ಹಾಗೆ ಮಾಡಿದ್ದಾನೆ, ಇನ್ನೇನು ಹೇಳಲಿ.

ಅವನ ಹೆಂಡತಿ ಮಹಾನಂದಾ ಗಾರ್ಮೆಂಟ್ಸಿನಲ್ಲಿ ಟೈಲರ್. ಇದೆಲ್ಲ ನಡೆಯುವುದಕ್ಕೆ ಏಳು ತಿಂಗಳ ಮುಂಚೆ ಅವರಿಗೆ ಹೆಣ್ಣು ಮಗುವಾಯಿತು. ತೀರಿಕೊಂಡ ತಾಯಿಯ ಹೆಸರನ್ನೇ ಇಡಬೇಕೆಂದು ಹಟ ಹಿಡಿದು ಸಿದ್ರಾಮ ಮಗಳಿಗೆ ಮಲಕವ್ವ ಎಂದು ಹೆಸರಿಟ್ಟ. ಮಗು ಗುಂಡುಗುಂಡಗೆ, ಬೆಣ್ಣೆ ಮುದ್ದೆಯ ಹಾಗಿದೆ. ವಠಾರದಲ್ಲಿ ಅದು ಕೈಯಿಂದ ಕೈಗೆ ಹೋಗುತ್ತದೆ, ನೆಲಕ್ಕೆ ಬಿಡುವವರೇ ಇಲ್ಲ.

ಇಂಥ ಮಗುವಿನ ತಾಯಿ ಒಂದು ಭಾನುವಾರ ನನ್ನ ಅಡುಗೆಮನೆಗೆ ಬಂದು ಸೊಪ್ಪು ಬಿಡಿಸುತ್ತಾ ಕೂತವಳು ಗಳಗಳನೆ ಅತ್ತುಬಿಟ್ಟಳು. ಏನೆಂದು ಕೇಳಿದರೆ, ಎರಡು ತಿಂಗಳಿಂದ ಸಿದ್ರಾಮ ಮಗಳನ್ನು ಎತ್ತಿಕೊಂಡಿಲ್ಲವಂತೆ. ಮಗು ಕೈ ಚಾಚಿದರೆ ಕೆನ್ನೆ ಸವರಿ ಪಕ್ಕಕ್ಕೆ ಸರಿಯುತ್ತಾನಂತೆ. ಕೊಟ್ಟರೆ ಕೆಲಸ ಐತಿ ಎಂದು ಎದ್ದು ಹೋಗುತ್ತಾನಂತೆ.

"ಹೆಣ್ಣು ಹುಟ್ಟೇತಂತ ಮನಸ್ಸು ಮುರದೈತೇನೋ ಅಮ್ಮಾರ," ಅಂದಳು. "ಬಾಯಿಬಿಟ್ಟು ಹೇಳೂದಿಲ್ಲ. ಹೆಸರಷ್ಟ ತಾಯೀದು ಇಟ್ಟಾನ."

ನನಗೆ ಕೋಪ ನೆತ್ತಿಗೇರಿತು. ಸೊಪ್ಪನ್ನು ಅಲ್ಲೇ ಬಿಟ್ಟು ಮಹಡಿ ಹತ್ತಿದೆ. ಸಿದ್ರಾಮ ಮಧ್ಯಾಹ್ನದ ಬಿಸಿಲಿನಲ್ಲಿ ಮಂಚದ ಮೇಲೆ ಲೆನ್ಸ್‌ಗಳನ್ನು ಸಾಲಾಗಿ ಇಟ್ಟುಕೊಂಡು ಬಟ್ಟೆಯಿಂದ ಒರೆಸುತ್ತಿದ್ದ. ಹೆಣ್ಣು ಮಕ್ಕಳೆಂದರೆ ನಿನಗೆ ಅಷ್ಟು ಸಸಾರವೇ, ನಿನ್ನನ್ನು ಹೆತ್ತವಳು ಯಾರು, ನಾಳೆ ಬೆಳಗ್ಗೆ ಬಾಡಿಗೆ ಮನೆ ಬೇರೆ ನೋಡಿಕೋ ಎಂದು ಬಾಯಿಗೆ ಬಂದ ಹಾಗೆ ಬೈದೆ. ಅವನು ಒಂದು ಲೆನ್ಸಿನ ಮುಚ್ಚಳ ತೆಗೆದು ಬಲಗೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ. ನೋಡುತ್ತಿದ್ದ ಹಾಗೆ ಮುಚ್ಚಳ ಬೆರಳುಗಳ ಸಂದಿಯಿಂದ ಜಾರಿ ಕೆಳಗೆ ಬಿತ್ತು. ಅದು ಬಿದ್ದದ್ದು ಅವನಿಗೆ ತಿಳಿಯಲೂ ಇಲ್ಲ. ಸದ್ದು ಕೇಳಿದ ಮೇಲೆಯೇ ಕೈ ನೋಡಿಕೊಂಡ.

"ಎರಡು ತಿಂಗಳಾತ್ರಿ, ಬೆರಳು ಜೋಮು ಹಿಡಿತಾವ," ಅಂದ. "ಕೂಸಿನ್ನ ಎತ್ಕೊಂಡ್ರ ಕೈ ಬಿಟ್ಟಬಿಡ್ತೀನಿ ಅಂತ ಅಂಜಿಕಿ ಅಮ್ಮಾರ. ಮಹಾನಂದಾಗ ಹೇಳಬ್ಯಾಡ್ರಿ. ಕ್ಯಾಮೆರಾ ಹಿಡಿಯೂ ಕೈ ಹೋತಂದ್ರ ಆಕಿ ಧೈರ್ಯ ಎಲ್ಲಿ ಉಳಿತೈತಿ?"

 ಬೈದ ಬಾಯನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದು ತಿಳಿಯದೆ ಆ ಮುಚ್ಚಳ ಎತ್ತಿಕೊಟ್ಟು ಅವನ ಪಕ್ಕ ಕೂತೆ.

ಆಗಲೇ ಸರಿಯಾಗಿ ನೋಡಿದ್ದು. ಅವನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಇಳಿದಿತ್ತು. ಅಂಗಿಯ ಬಲಭುಜದಲ್ಲಿ ತೇಪೆ, ಎಡಭುಜ ಹೊಸದರ ಹಾಗೇ ಇತ್ತು. ಮಂಚದ ಕೊನೆಯಲ್ಲಿ ಅವನ ಕ್ಯಾಮೆರಾ ಚೀಲ ಕೂತಿತ್ತು. ಒಂದೇ ಪಟ್ಟಿಯ ಚೀಲ, ಪುಟ್ಟ ಆನೆಮರಿಯ ಗಾತ್ರ. ಅದನ್ನು ಅವನು ಸಿಮೆಂಟ್ ಚೀಲದ ಹಾಗೆ ಬಲಭುಜಕ್ಕೇ ಹಾಕುತ್ತಾನೆ, ಕತ್ತನ್ನು ಎಡಕ್ಕೆ ವಾಲಿಸಿ ನಡೆಯುತ್ತಾನೆ. ಇಷ್ಟು ದಿನ ಅದನ್ನು ಅವನ ನಡಿಗೆಯ ಠೀವಿ ಅಂದುಕೊಂಡಿದ್ದೆ.

ಕೇಳಕೇಳುತ್ತಾ ಇನ್ನೊಂದು ವಿಷಯ ಹೊರಬಿತ್ತು. ಈ ಮಹಾರಾಯ ಆ ಚೀಲವನ್ನು ಕೆಳಗೆ ಇಡುವುದೇ ಇಲ್ಲ. ಬೆಳಗ್ಗೆ ಭುಜಕ್ಕೇರಿದರೆ ಸಂಜೆ ಮನೆಗೆ ಬಂದು ಮಂಚದ ಮೇಲೆಯೇ ಇಳಿಯುವುದು. ಹುಡುಗಿ ಸೀರೆ ಬದಲಿಸಲು ಒಂದು ಗಂಟೆ ಹೋದರೂ ಇವನು ಹೊತ್ತೇ ನಿಂತಿರುತ್ತಾನೆ. ಮೋಡ ಸರಿಯುವುದನ್ನು ಕಾಯುವಾಗಲೂ ಹೊತ್ತೇ ಕಾಯುತ್ತಾನೆ. ಟೀ ಕುಡಿಯುವಾಗಲೂ ಇಳಿಸುವುದಿಲ್ಲ.

"ಅನ್ನ ಕೊಡೂ ಸಾಮಾನ್ರಿ ಅಮ್ಮಾರ," ಅಂದ. "ದಸರಾದಾಗ ಪೂಜಿ ಮಾಡಿದ್ದನ್ನ ನೆಲಕ್ಕ ಹ್ಯಾಂಗ ಇಡ್ಲಿ? ಯಾರರೆ ದಾಟಿದ್ರ?"

 ನಾನೂ ಆಯುಧಪೂಜೆಯ ದಿನ ಮಿಕ್ಸಿಗೂ ಕುಂಕುಮ ಇಡುವವಳೇ. ಆ ಮಾತನ್ನು ಅಲ್ಲಿಗೆ ಬಿಟ್ಟು, ಮೊದಲು ಚೀಲ ತೂಗೋಣ ನಡಿ ಎಂದು ಎಬ್ಬಿಸಿದೆ.

ಬೀದಿ ತುದಿಯಲ್ಲಿ ದ್ಯಾಮಣ್ಣನ ಈರುಳ್ಳಿ ಮಂಡಿ ಇದೆ. ಅಲ್ಲಿಯ ತಕ್ಕಡಿಯ ಮೇಲೆ ಚೀಲ ಇಡಿಸಿದೆ. ಹತ್ತೊಂಬತ್ತು ಕೆಜಿ ಮುನ್ನೂರು ಗ್ರಾಂ. ದ್ಯಾಮಣ್ಣ ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ನೋಡಿದ. ಸಿದ್ರಾಮ ಮಾತ್ರ ನಕ್ಕುಬಿಟ್ಟ.

"ಇದ್ಯಾವ ಭಾರಾರೀ ಅಮ್ಮಾರ. ಐವತ್ತು ಕೆಜಿ ಸಿಮೆಂಟ್ ಹೊತ್ತು ಆರನೇ ಮಾಳಿಗಿ ಹತ್ತಿದಾಂವ ನಾ."

"ಹತ್ತಿ ಏನ್ ಮಾಡ್ತಿದ್ದೆ?" ಅಂದೆ.

"ಇಳಸ್ತಿದ್ದೆ."

"ಎಷ್ಟು ಹೊತ್ತಲ್ಲಿ?"

"ಹತ್ತ್ ನಿಮಿಷ ಹಿಡಿತಿತ್ತು."

"ಅದನ್ನ ಹತ್ತು ನಿಮಿಷಕ್ಕೆ ಇಳಿಸ್ತಿದ್ದೆ. ಇದನ್ನ ಒಂಬತ್ತು ಗಂಟೆ ಇಳಿಸಲ್ಲ. ನಿನ್ನ ಮಗಳು ಏಳು ಕೆಜಿ ಇದಾಳೆ ಸಿದ್ರಾಮ. ಎರಡೂಮುಕ್ಕಾಲು ಮಲಕವ್ವನ್ನ ಒಂದೇ ಭುಜಕ್ಕೆ ನೇತುಹಾಕ್ಕೊಂಡು ದಿನವಿಡೀ ಓಡಾಡ್ತೀಯ. ಅಸಲು ಮಲಕವ್ವನ್ನ ಎತ್ತಿಕೊಳ್ಳೋಕೆ ಕೈ ಎಲ್ಲಿ ಉಳಿಯುತ್ತೆ?"

ಅವನ ನಗು ಇಳಿಯಿತು. ತಕ್ಕಡಿಯ ಮುಳ್ಳನ್ನೇ ನೋಡುತ್ತಾ ನಿಂತ.

ಮರುದಿನ ಮಹಾನಂದಾಳಿಗೆ ಎಲ್ಲವನ್ನೂ ಅವನ ಬಾಯಿಂದಲೇ ಹೇಳಿಸಿದೆ. ನನ್ನ ಮುಂದೆಯೇ ಹೇಳಬೇಕು ಎಂದು ಕೂರಿಸಿ ಹೇಳಿಸಿದೆ. ಹೇಳಿ ಮುಗಿಸಿದ ಮೇಲೆ ಅವಳು ಅಳಲಿಲ್ಲ, ಅವನ ಬಲಗೈ ಹಿಡಿದು ಒಂದೊಂದೇ ಬೆರಳನ್ನು ಒತ್ತಿ ನೋಡಿದಳು. ಎಲ್ಲಾ ಅಂಗಿ ಬಲಗಡೆಯೇ ಯಾಕೆ ಹರಿಯುತ್ತವೆ ಎಂದು ತಾನಾದರೂ ಕೇಳಬೇಕಿತ್ತು, ಹೊಲಿಗೆ ಹಾಕುವವಳೇ ತಾನು ಎಂದು ತನ್ನನ್ನೇ ಬೈದುಕೊಂಡಳು. ಆಮೇಲೆ ಮೂವರೂ ಆಸ್ಪತ್ರೆಗೆ ಹೋದೆವು.

ಡಾಕ್ಟರು ಭುಜ, ಕತ್ತು, ಕೈಯ ಶಕ್ತಿ ಎಲ್ಲ ಪರೀಕ್ಷೆ ಮಾಡಿ ನೋಡಿದರು. ಪಟ್ಟಿ ಒಂದೇ ಕಡೆ ಒತ್ತಿ ಒತ್ತಿ, ಕತ್ತಿನಿಂದ ಕೈಗೆ ಇಳಿಯುವ ನರಗಳಿಗೆ ಪೆಟ್ಟಾಗಿದೆ ಎಂದರು. ಈಗಲೇ ಬಂದದ್ದು ಒಳ್ಳೆಯದಾಯಿತು, ಹೀಗೇ ಹೊರುತ್ತಾ ಹೋಗಿದ್ದರೆ ಕೈಯ ಬಲ ಪೂರ್ತಿ ವಾಪಸ್ ಬರುತ್ತದೆಂದು ಹೇಳಲು ಆಗುತ್ತಿರಲಿಲ್ಲ ಎಂದೂ ಹೇಳಿದರು. ಮೂರು ವಾರ ಭಾರ ಹೊರಕೂಡದು ಎಂದು ಹೇಳಿ, ವ್ಯಾಯಾಮ ಕಲಿಸಲು ಫಿಸಿಯೋಥೆರಪಿಯ ಶಿವಗಂಗಾ ಎಂಬ ಹುಡುಗಿಯ ಹತ್ತಿರ ಕಳಿಸಿದರು.

ಶಿವಗಂಗಾ ಎಷ್ಟು ಮೆತ್ತಗೆ ಮಾತಾಡುತ್ತಾಳೋ ಅಷ್ಟೇ ಗಟ್ಟಿ. ಮುಂದಿನ ಸಲ ಚೀಲ ತಗೊಂಡೇ ಬನ್ನಿ ಅಂದಳು. ನಾನೂ ಮಹಾನಂದಾಳೂ ಹಿಡಿದು ತಂದ ದಿನ ಅದರಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಹರಡಿಸಿದಳು. ಎರಡು ಕ್ಯಾಮೆರಾ, ಐದು ಲೆನ್ಸ್, ಮೂರು ಫ್ಲ್ಯಾಶ್, ಲೈಟು, ಅದರ ಸ್ಟ್ಯಾಂಡು, ಬ್ಯಾಟರಿಗಳು. ಅಲ್ಲಿಯವರೆಗೆ ಸರಿ. ಕೆಟ್ಟುಹೋದ ಒಂದು ಚಾರ್ಜರ್, ಎರಡು ಗೊಂಚಲು ಪ್ಲಾಸ್ಟಿಕ್ ಹೂವು, ಒಂದು ಸುತ್ತಿಗೆ, ಯಾವುದೋ ಮದುಮಗ ಮರೆತುಹೋದ ಒಂಟಿ ಬೂಟು. ಬೂಟು ಯಾಕೆ ಎಂದರೆ, ಕೇಳಿದರೆ ಕೊಡಬೇಕಲ್ಲ ಅಂದ. ಆ ಮದುಮಗನ ಮದುವೆಯಾಗಿ ಒಂದೂವರೆ ವರ್ಷವಾಗಿತ್ತು. ಮಹಾನಂದಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು, ಎಷ್ಟೋ ದಿನಗಳ ಮೇಲೆ.

ದಿನವಿಡೀ ಬೆನ್ನ ಮೇಲಿರುವ ಭಾರ ನಿಮ್ಮ ತೂಕದ ಹತ್ತರಲ್ಲಿ ಒಂದು ಪಾಲಿನ ಆಸುಪಾಸಿನಲ್ಲಿರಲಿ ಎಂದಳು ಶಿವಗಂಗಾ. ಸಿದ್ರಾಮ ಅರವತ್ತು ಕೆಜಿ, ಅಂದರೆ ಆರು, ತೀರಾ ಬೇಕಾದರೆ ಎಂಟು. ನಾಳೆ ಯಾವ ಫೋಟೋ ಎಂದು ಇವತ್ತೇ ಯೋಚಿಸಿ ಅದಕ್ಕೆ ಬೇಕಾದ ಲೆನ್ಸ್ ಮಾತ್ರ ತಗೊಳ್ಳಿ, ಅಕಸ್ಮಾತ್ ಬೇಕಾದೀತು ಎಂಬ ಸಾಮಾನು ಮನೆಯಲ್ಲಿರಲಿ. ಚೀಲಕ್ಕೆ ಅಗಲವಾದ ಎರಡು ಪಟ್ಟಿ ಇರಬೇಕು, ಸೊಂಟಕ್ಕೆ ಕಟ್ಟುವ ಬೆಲ್ಟೂ ಇರಬೇಕು. ಆಗ ಭಾರ ಭುಜದಿಂದ ಸೊಂಟಕ್ಕೆ ಇಳಿಯುತ್ತದೆ. ತೂಕದ ಸಾಮಾನು ಬೆನ್ನಿಗೆ ತಾಗುವ ಹಾಗೆ ಒಳಗಡೆ, ಹಗುರದ್ದು ಹೊರಗಡೆ. ಇವೆಲ್ಲವನ್ನೂ ಅವಳು ಬಾಯಲ್ಲಿ ಹೇಳಿದ್ದಲ್ಲದೆ ಒಂದೊಂದನ್ನೂ ಅವನ ಕೈಯಿಂದ ಮಾಡಿಸಿದಳು.

ಎತ್ತುವುದನ್ನು ನಾನು ಕಲಿಸುತ್ತೇನೆ ಎಂದು ಮುಂದೆ ಹೋದೆ. ಇಪ್ಪತ್ತೊಂಬತ್ತು ವರ್ಷದ ಗೋಡೆ ಚಿತ್ರ ಇನ್ನೂ ಕಣ್ಣಲ್ಲೇ ಇತ್ತು. ಚೀಲದ ಹತ್ತಿರ ಬಾ, ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು, ಎದೆಗೆ ಒತ್ತಿಕೊಂಡು ಕಾಲಿನ ಬಲದಲ್ಲಿ ಏಳು, ತಿರುಗಬೇಕಾದರೆ ಸೊಂಟ ತಿರುಚದೆ ಹೆಜ್ಜೆ ತಿರುಗಿಸು. ಇನ್ನೂ ಸುಲಭ ಬೇಕಾದರೆ ಮೇಜಿನೆತ್ತರಕ್ಕೆ ಇಟ್ಟು ಅಲ್ಲಿಂದಲೇ ತೋಳು ತೂರಿಸಿಕೋ. ಮಾಡಿ ತೋರಿಸುವಾಗ ನನ್ನ ಮಂಡಿ ಕಟಕ್ಕೆಂದಿತು. ಶಿವಗಂಗಾ ನನ್ನನ್ನೂ ಮುಂದಿನ ವಾರ ಬರಹೇಳಿದಳು.

ಎರಡು ಪಟ್ಟಿಯ ಚೀಲ ಬಂತು. ನನ್ನ ಯಜಮಾನರು ತಮ್ಮ ತರಕಾರಿ ತರುವ ಗಾಲಿಗಾಡಿಯನ್ನು ಸ್ಟ್ಯಾಂಡು, ಲೈಟುಗಳಿಗೆಂದು ಕೊಟ್ಟರು. ಮೆಟ್ರೋದಲ್ಲಿ, ಸಿಮೆಂಟ್ ದಾರಿಯಲ್ಲಿ ಎಳೆದುಕೊಂಡು ಹೋಗಬಹುದು. ಹೊಲ, ಕಲ್ಲು ಬಂದ ಕಡೆ ಲೈಟನ್ನು ಮದುಮಗನ ಕಡೆಯವರ ಕಾರಿನಲ್ಲಿ, ಕಾಯಲು ಯಾರನ್ನಾದರೂ ಕೂರಿಸಿ ಬಿಟ್ಟು, ಬೇಕಾದಾಗ ತರಿಸಿಕೊಳ್ಳಬಹುದು. ಮೂರು ವಾರ ಕಳೆದು, ಡಾಕ್ಟರು ನೋಡಿ ಒಪ್ಪಿದ ಮೇಲೆ ಸಿದ್ರಾಮ ಮತ್ತೆ ಕೆಲಸಕ್ಕೆ ಹೊರಟ. ಎರಡೂ ಪಟ್ಟಿ ಹಾಕಿ, ಬೆಲ್ಟು ಕಟ್ಟಿ ಗೇಟು ದಾಟಿದ. ನನಗೆ ಸಮಾಧಾನವಾಯಿತು.

ಆ ಸಮಾಧಾನ ಎರಡು ದಿನವೂ ಉಳಿಯಲಿಲ್ಲ. ಪೊಲೀಸರ ಮುಂದೆ ಮಾತ್ರ ಹೆಲ್ಮೆಟ್ ಹಾಕುವವರ ಹಾಗೆ, ಇವನು ನಮ್ಮ ಗೇಟು ದಾಟಿದ ಮೇಲೆ ಒಂದು ಪಟ್ಟಿ ಬಿಚ್ಚುತ್ತಾನೆ ಎಂದು ದ್ಯಾಮಣ್ಣ ಬಂದು ಚಾಡಿ ಹೇಳಿದ. ಸಂಜೆ ಕೂರಿಸಿಕೊಂಡು ಕೇಳಿದೆ. ಪಾಪ, ಅವನ ಕಷ್ಟ ಬೇರೆಯೇ ಇತ್ತು. ಎರಡು ಪಟ್ಟಿ ಹಾಕಿದರೆ ಲೆನ್ಸ್ ತೆಗೆಯಲು ಪ್ರತಿ ಸಲವೂ ಚೀಲ ಇಳಿಸಲೇಬೇಕು. ಇಳಿಸಿದರೆ ಎಲ್ಲಿ ಇಡುವುದು? ನೆಲಕ್ಕೆ ಇಡುವ ಹಾಗಿಲ್ಲ. ಒಂದೇ ಪಟ್ಟಿಯಾದರೆ ಮುಂದಕ್ಕೆ ಎಳೆದುಕೊಂಡು, ಹೊತ್ತ ಹಾಗೆಯೇ ತೆಗೆಯಬಹುದು. ಬೆರಳು ಮತ್ತೆ ಜೋಮು ಹಿಡಿಯತೊಡಗಿದ್ದವು. ಅದನ್ನೂ ಒಪ್ಪಿಕೊಂಡ.

 ಮಹಾನಂದಾ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿ ಒಳಗೆ ಹೋಗಿ ಟ್ರಂಕು ತೆಗೆದಳು. ಅದರ ತಳದಲ್ಲಿ ಸಿದ್ರಾಮನ ತಾಯಿಯ ಎರಡು ಇಳಕಲ್ ಸೀರೆಗಳಿದ್ದವು. ನಡುವೆ ಸವೆದು, ಅಂಚು ಮಾತ್ರ ಗಟ್ಟಿಯಿದ್ದವು. ಒಂದನ್ನು ಹೊರತೆಗೆದಳು. ಮುಂದಿನ ಭಾನುವಾರದವರೆಗೆ ಗಾರ್ಮೆಂಟ್ಸಿನಿಂದ ಬಂದ ಮೇಲೆ ದಿನಾ ಒಂದಿಷ್ಟು ಕೂತು, ಅವರ ಕಡೆ ಹೊದೆಯಲು ಹಳೆ ಬಟ್ಟೆ ಸೇರಿಸಿ ಹೊಲಿಯುತ್ತಾರಲ್ಲ, ಆ ಕೌದಿಯ ಹಾಗೆ ಒಂದು ಪುಟ್ಟ ಕೌದಿ ಹೊಲಿದಳು. ಒಂದು ಮೊಳ ಉದ್ದ, ಅಷ್ಟೇ ಅಗಲ. ಕೆಳಭಾಗಕ್ಕೆ ನೀರು ಹಿಡಿಯದ ರೆಕ್ಸಿನ್ ಕೊಟ್ಟಳು. ಮೇಲೆ ಅತ್ತೆಯ ಸೀರೆಯ ಕೆಂಪು ಅಂಚನ್ನು ನಾಲ್ಕೂ ಕಡೆ ಕೂರಿಸಿದಳು. ಮಡಿಸಿದರೆ ಚೀಲದ ಹೊರಜೇಬಿನಲ್ಲಿ ಕೂರುತ್ತದೆ, ತೂಕವೇ ಇಲ್ಲ.

ಅದನ್ನು ಅವನ ಮುಂದೆ ನೆಲದ ಮೇಲೆ ಹಾಸಿದಳು.

"ಇದರ ಮ್ಯಾಲ ಇಡ್ರಿ," ಅಂದಳು. "ಅವ್ವನ ಮಡಿಲಾಗ ಇಟ್ಟಂಗ ಆತು. ನೆಲಕ್ಕ ಇಟ್ಟಂಗ ಆಗೂದಿಲ್ಲ."

ಸಿದ್ರಾಮ ಆ ಅಂಚನ್ನು ಗುರುತು ಹಿಡಿದ.  ಆಮೇಲೆ ಚೀಲ ತಂದು, ಮಂಡಿ ಬಗ್ಗಿಸಿ ಅದರ ಮೇಲೆ ಇಟ್ಟ. ಇಟ್ಟು ಕೈ ತೆಗೆದು ಎದ್ದು ನಿಂತು ಎರಡೂ ಭುಜ ಹಿಂದಕ್ಕೆ ತಿರುಗಿಸಿ ಉಸಿರು ಬಿಟ್ಟ. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಅಂದಿನಿಂದ ಅವನು ಅರ್ಧ ಗಂಟೆಗೊಮ್ಮೆ ಕೌದಿ ಹಾಸಿ ಚೀಲ ಇಳಿಸುತ್ತಾನೆ. ಹುಡುಗಿ ಸೀರೆ ಬದಲಿಸಲು ಹೋದರೆ ಇಳಿಸುತ್ತಾನೆ, ಮೋಡ ಕಾಯುವಾಗ ಇಳಿಸುತ್ತಾನೆ. ಎರಡೂ ಪಟ್ಟಿ ಹಾಕಲು ಈಗ ಅಡ್ಡಿಯೇ ಇಲ್ಲ. ದ್ಯಾಮಣ್ಣನಿಗೆ ಹೇಳಲು ಚಾಡಿ ಸಿಗುತ್ತಿಲ್ಲ. ಮೊನ್ನೆ ತೂಗಿದಾಗ ಚೀಲ ಏಳು ಕೆಜಿ ಎಂಟುನೂರು ಗ್ರಾಂ ಇತ್ತು. ಫೋಟೋ ಏನೂ ಕೆಟ್ಟಿಲ್ಲ, ಕೈ ನಡುಗದೆ ಇರುವುದರಿಂದ ಇನ್ನೂ ಚೆನ್ನಾಗಿ ಬರುತ್ತಿವೆ ಎಂದು ಅವನೇ ಹೇಳುತ್ತಾನೆ. ಶಿವಗಂಗಾ ಕಲಿಸಿದ ವ್ಯಾಯಾಮವನ್ನು ಬೆಳಗ್ಗೆ ನಲ್ಲಿಯ ಹತ್ತಿರವೇ ಮಾಡುತ್ತಾನೆ, ನೋಡಿದವರು ನಾಲ್ಕು ಜನ ತಾವೂ ತೋಳು ತಿರುಗಿಸುತ್ತಾರೆ.

ಕೌದಿ ಹೊಲಿದು ಮೂರು ತಿಂಗಳಾಗಿತ್ತು. ಒಂದು ಸಂಜೆ ಆನೇಕಲ್ಲಿನ ಕೆಲಸ ಮುಗಿಸಿ ಸಿದ್ರಾಮ ಬಂದ. ಅಂಗಳದಲ್ಲಿ ಕೌದಿ ಹಾಸಿ ಚೀಲ ಇಳಿಸಿದ. ಮಲಕವ್ವ ಅಷ್ಟು ಹೊತ್ತಿಗೆ ಅಂಬೆಗಾಲಿಡುತ್ತಾ ಬಂದು, ಅಜ್ಜಿಯ ಸೀರೆಯ ಅಂಚು ಹಿಡಿದು ಚೀಲದ ಪಕ್ಕ ಕೌದಿಯ ತುದಿಯಲ್ಲೇ ಕೂತು, ಎರಡೂ ಕೈ ಮೇಲಕ್ಕೆ ಚಾಚಿದಳು. ಮಹಾನಂದಾ ಬಾಗಿಲಲ್ಲಿ ನಿಂತಿದ್ದಳು. ನಾನು ಕಟ್ಟೆಯ ಮೇಲಿದ್ದೆ. 

ಅವನು ಒಮ್ಮೆ ಬಲಗೈ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಂಡ. ಹತ್ತಿರ ಹೋದ. ಮಂಡಿ ಬಗ್ಗಿಸಿದ. ಮಗಳನ್ನು ಎದೆಗೆ ಒತ್ತಿಕೊಂಡು ಕಾಲಿನ ಬಲದಲ್ಲಿ ಮೇಲೆದ್ದ. ಥೇಟ್ ನಮ್ಮ ಕಾರ್ಖಾನೆ ಗೋಡೆಯ ಚಿತ್ರ.

"ಗಟ್ಟಿ ಹಿಡಿದೀನಿ ನೋಡ," ಅಂದ ಮಹಾನಂದಾಳಿಗೆ.

ಅವಳು ಹತ್ತಿರ ಬಂದು ಅವನ ಅಂಗಿಯ ಬಲಭುಜದ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದಳು. ಹರಿದಿರಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಸಿದ್ರಾಮ ಇರಬಹುದು. ಅವನ ಚೀಲದಲ್ಲಿ ಕ್ಯಾಮೆರಾ ಇರಬಹುದು, ಲ್ಯಾಪ್‌ಟಾಪ್ ಇರಬಹುದು, ಡ್ರಿಲ್ಲಿಂಗ್ ಯಂತ್ರ ಇರಬಹುದು. ನಾಳೆ ಹೊರಡುವ ಮುಂಚೆ ಆ ಚೀಲವನ್ನು ಹತ್ತಿರದ ಅಂಗಡಿಯ ತಕ್ಕಡಿಗೆ ಇಡಿ. ಬೇಡದ್ದನ್ನು ತೆಗೆಯಿರಿ. ಎರಡೂ ಭುಜಕ್ಕೆ ಹಾಕಿ. ಬೆರಳು ಜೋಮು ಹಿಡಿದರೆ, ಹಿಡಿತ ಸಡಿಲವಾದರೆ ಮುಲಾಮು ಹಚ್ಚಿಕೊಂಡು ಮುಚ್ಚಿಡಬೇಡಿ, ಮನೆಯವರಿಗೆ ಹೇಳಿ, ಡಾಕ್ಟರಿಗೆ ತೋರಿಸಿ. ದಾರಿಯಲ್ಲಿ ಕೂರಲು ಜಾಗ ಸಿಕ್ಕ ಕಡೆಯೆಲ್ಲ ಚೀಲ ಇಳಿಸಿ. ನೆಲಕ್ಕೆ ಇಡಲು ಮನಸ್ಸಾಗದಿದ್ದರೆ ಮನೆಯಲ್ಲಿ ಒಂದು ಹಳೆ ಸೀರೆ ಇದ್ದೇ ಇರುತ್ತದೆ. ಸಂಜೆ ನೀವು ಮನೆಗೆ ಬಂದಾಗ ಕೈ ಚಾಚಿ ಕಾಯುವವರು ಯಾರೋ ಇದ್ದಾರೆ, ನಿಮ್ಮ ಕೈಯಲ್ಲಿ ಅವರಿಗೆ ಸಾಕಾಗುವಷ್ಟು ಬಲ ಉಳಿಸಿಕೊಂಡು ಬನ್ನಿ.